ಇಪ್ಪತ್ತೈದು ಡಾಲರಿನ ಮಿದುಳು

1975ರ ಸೆಪ್ಟೆಂಬರ್ ತಿಂಗಳು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ‘ವೆಸ್ಕಾನ್’ ಎಂಬ ಎಲೆಕ್ಟ್ರಾನಿಕ್ಸ್ ಮೇಳ ನಡೆದಿತ್ತು. ಮಳಿಗೆಯಲ್ಲಿ ಸರಕನ್ನು ತೋರಿಸಬಹುದು, ಸ್ಥಳದಲ್ಲೇ ಮಾರುವಂತಿಲ್ಲ ಎಂಬುದು ಮೇಳದ ನಿಯಮ. ಪೆನ್ಸಿಲ್ವೇನಿಯಾದಿಂದ ಬಂದಿದ್ದ ‘ಮಾಸ್ ಟೆಕ್ನಾಲಜಿ’ ಎಂಬ ಸಣ್ಣ ಕಂಪನಿಯವರು ಇದಕ್ಕೊಂದು ಉಪಾಯ ಹೂಡಿದರು. ನಗರದ ಸೇಂಟ್ ಫ್ರಾನ್ಸಿಸ್ ಹೋಟೆಲಿನಲ್ಲಿ ಕೋಣೆ ಹಿಡಿದು, ಮಳಿಗೆಗೆ ಬಂದವರನ್ನು ಅಲ್ಲಿಗೆ ಕಳಿಸತೊಡಗಿದರು. ಕೋಣೆಯಲ್ಲಿ ದೊಡ್ಡ ದೊಡ್ಡ ಗಾಜಿನ ಜಾಡಿಗಳಿದ್ದವು. ಊರಿನ ಅಂಗಡಿಯ ಕಟ್ಟೆಯ ಮೇಲೆ ಪೆಪ್ಪರ್‌ಮೆಂಟು, ಕಡಲೆಮಿಠಾಯಿ ತುಂಬಿಟ್ಟಿರುತ್ತಾರಲ್ಲ, ಹಾಗೆ. ಒಳಗಿದ್ದುದು ಮಾತ್ರ ಮಿಠಾಯಿಯಲ್ಲ. ನಲವತ್ತು ಲೋಹದ ಕಾಲುಗಳ, ಜರಿಹುಳುವಿನಂಥ ಪುಟ್ಟ ಬಿಲ್ಲೆಗಳು. ಒಂದಕ್ಕೆ 25 ಡಾಲರ್. ಇನ್ನೂ ಹತ್ತು ಡಾಲರ್ ಕೊಟ್ಟರೆ ಅದನ್ನು ಬಳಸುವ ವಿಧಾನ ತಿಳಿಸುವ ಕೈಪಿಡಿಗಳು.

ಅಂಥದೇ ಕೆಲಸ ಮಾಡುವ ಇಂಟೆಲ್ ಕಂಪನಿಯ 8080 ಮತ್ತು ಮೊಟೊರೊಲಾ ಕಂಪನಿಯ 6800 ಬಿಲ್ಲೆಗಳು 1974ರಲ್ಲಿ ಮಾರುಕಟ್ಟೆಗೆ ಬಂದಾಗ ಬಿಡಿಯಾಗಿ ಕೊಳ್ಳುವವರಿಗೆ 360 ಡಾಲರ್ ಬೆಲೆ ಇತ್ತು. ಹದಿನಾಲ್ಕು ಪಟ್ಟು ಅಗ್ಗವಾಗಿ ಸಿಗುತ್ತಿದೆ ಎಂದರೆ ಯಾರಾದರೂ ನಂಬುತ್ತಾರೆಯೇ? ಇದರಲ್ಲೇನೋ ಮೋಸವಿದೆ ಎಂದೇ ಹಲವರು ಗುಮಾನಿಪಟ್ಟರು. ಜಾಡಿ ತುಂಬ ಬಿಲ್ಲೆಗಳನ್ನು ಕಂಡ ಮೇಲೆ ಅವರ ಅನುಮಾನ ಕರಗಿತು. ಆದರೆ ಆ ಜಾಡಿಗಳಲ್ಲಿಯೂ ಒಂದು ಗುಟ್ಟಿತ್ತು. ಮೇಲರ್ಧದಲ್ಲಿದ್ದ ಬಿಲ್ಲೆಗಳಷ್ಟೇ ಸರಿಯಾದವು. ಕೆಳಗಿನರ್ಧ ತುಂಬಿದ್ದುದು ಕೆಟ್ಟ ಬಿಲ್ಲೆಗಳು. ಕಾರ್ಖಾನೆಯಿಂದ ಸರಕು ರಾಶಿರಾಶಿಯಾಗಿ ಬರುತ್ತಿದೆ ಎಂದು ತೋರಿಸಿಕೊಳ್ಳಲು ಹೂಡಿದ ವ್ಯಾಪಾರದ ಜಾಣ್ಮೆ ಅದು. ಕೊಂಡವರ ಕೈಗೆ ಸಿಕ್ಕ ಬಿಲ್ಲೆ ಮಾತ್ರ ಅಪ್ಪಟವಾಗಿತ್ತು.

ಆ ಬಿಲ್ಲೆಯ ಹೆಸರು 6502. ಮಕ್ಕಳ ಕೈಗೆ, ಮನೆಯ ಮೇಜಿಗೆ, ಶಾಲೆಯ ಕೊಠಡಿಗೆ ಗಣಕವನ್ನು ತಂದ ಮೈಕ್ರೊಪ್ರೊಸೆಸರ್‌ಗಳಲ್ಲಿ ಅದಕ್ಕೆ ಮೊದಲ ಸಾಲಿನಲ್ಲಿ ಜಾಗ.

ಮೈಕ್ರೊಪ್ರೊಸೆಸರ್ ಎಂದರೆ ಗಣಕದ ಮಿದುಳು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಮಿದುಳು ಎನ್ನುವುದಕ್ಕಿಂತ ಅದನ್ನು ಬಹಳ ಚುರುಕಾದ, ಆದರೆ ಸ್ವಂತ ಬುದ್ಧಿಯಿಲ್ಲದ ಗುಮಾಸ್ತ ಎನ್ನುವುದು ಸರಿ. ಸ್ಮೃತಿಕೋಶದಿಂದ ಒಂದು ಆದೇಶವನ್ನು ತರುತ್ತದೆ, ಅದರಂತೆ ನಡೆಯುತ್ತದೆ, ಮುಂದಿನದನ್ನು ತರುತ್ತದೆ. ವಿದ್ಯುತ್ ಇರುವ ತನಕ ಇಷ್ಟೇ ಕೆಲಸ. 1971ರಲ್ಲಿ ಇಂಟೆಲ್ ಕಂಪನಿ 4004 ಎಂಬ ಬಿಲ್ಲೆಯನ್ನು ಹೊರತಂದಾಗ ಈ ಗುಮಾಸ್ತನ ಇಡೀ ಕಚೇರಿ ಬೆರಳ ತುದಿಯಷ್ಟು ಸಿಲಿಕಾನ್ ಚೂರಿನಲ್ಲಿ ಅಡಗಿತು. ಆದರೆ ಬೆಲೆ ಅಡಗಲಿಲ್ಲ. ಅಷ್ಟು ದುಡ್ಡು ಸುರಿದು ಅದನ್ನು ಕೊಳ್ಳಬಲ್ಲವರು ದೊಡ್ಡ ಕಂಪನಿಗಳು ಮಾತ್ರವಾಗಿದ್ದರು.

ಇದನ್ನು ಬದಲಿಸಬೇಕೆಂದು ಹಟ ಹಿಡಿದವರು ಚಕ್ ಪೆಡಲ್ ಎಂಬ ಎಂಜಿನಿಯರ್. ಅವರು ಮೊಟೊರೊಲಾದಲ್ಲಿ 6800 ಬಿಲ್ಲೆಯ ಕೆಲಸದಲ್ಲಿದ್ದವರು. ಬೇರೆ ಬೇರೆ ಕಾರ್ಖಾನೆಗಳಿಗೆ ಹೋಗಿ ಆ ಬಿಲ್ಲೆಯ ಗುಣಗಾನ ಮಾಡುವುದೂ ಅವರ ಕೆಲಸದ ಭಾಗವಾಗಿತ್ತು. ಹೋದಲ್ಲೆಲ್ಲ ಕೇಳುವವರು ತಲೆದೂಗುತ್ತಿದ್ದರು. ಬೆಲೆ ಕೇಳಿದೊಡನೆ ಸುಮ್ಮನಾಗುತ್ತಿದ್ದರು. ಇಪ್ಪತ್ತೈದು ಡಾಲರಿಗೆ ಕೊಡುವುದಾದರೆ ತಮ್ಮ ಯಂತ್ರಗಳಿಗೆ ಇದನ್ನು ಹಾಕಬಹುದು ಎಂಬ ಮಾತು ಮತ್ತೆ ಮತ್ತೆ ಬಂತು. ಪೆಡಲ್ ವಾಪಸಾಗಿ ಅಗ್ಗದ ಬಿಲ್ಲೆ ಮಾಡೋಣ ಎಂದು ಮೇಲಿನವರಿಗೆ ಹೇಳಿದರು. ಇರುವ ಬಿಲ್ಲೆಯೇ ಒಳ್ಳೆಯ ಬೆಲೆಗೆ ಮಾರಾಟವಾಗುವಾಗ ಅಗ್ಗದ್ದೇಕೆ ಎಂಬುದು ಮೇಲಿನವರ ಲೆಕ್ಕ. ಆ ವಿಚಾರ ಕೈಬಿಡಬೇಕೆಂದು ಅವರಿಗೆ ಲಿಖಿತ ಸೂಚನೆಯೇ ಬಂತು.

ಅಂಥ ಪತ್ರ ಬಂದಾಗ ಸಂಬಳದ ನೌಕರನಿಗೆ ಎರಡು ದಾರಿ. ಪತ್ರವನ್ನು ಕಡತಕ್ಕೆ ಸೇರಿಸಿ ಸುಮ್ಮನಿರಬಹುದು, ಇಲ್ಲವೆ ಕೆಲಸ ಬಿಡಬಹುದು. 1974ರಲ್ಲಿ ಪೆಡಲ್ ಕೆಲಸ ಬಿಟ್ಟರು. ಅವರ ಜೊತೆಗೆ ಬಿಲ್ ಮೆನ್ಷ್ ಮೊದಲಾದ ಕೆಲವು ಸಹೋದ್ಯೋಗಿಗಳೂ ಹೊರಟರು. ಕ್ಯಾಲ್ಕುಲೇಟರ್ ಬಿಲ್ಲೆಗಳನ್ನು ತಯಾರಿಸುತ್ತಿದ್ದ ಮಾಸ್ ಟೆಕ್ನಾಲಜಿ ಅವರಿಗೆ ಆಶ್ರಯ ಕೊಟ್ಟಿತು.

ಅವರು ಬೆಲೆ ಇಳಿಸಿದ್ದು ಹೇಗೆ? ಇದನ್ನು ಅಡುಗೆಮನೆಯ ಉದಾಹರಣೆಯಿಂದ ತಿಳಿಯಬಹುದು. ಅಮ್ಮ ತಟ್ಟೆಯ ತುಂಬ ಕೊಬ್ಬರಿ ಮಿಠಾಯಿ ಹರವಿ ತುಂಡು ಮಾಡುತ್ತಾರೆ ಎನ್ನಿ. ಹೇಗೋ ಅದರಲ್ಲಿ ಐದು ಕಲ್ಲಿನ ಹರಳು ಸೇರಿಬಿಟ್ಟಿವೆ. ತಟ್ಟೆಯಲ್ಲಿ ಇಪ್ಪತ್ತು ದೊಡ್ಡ ತುಂಡು ಮಾಡಿದರೆ ಐದು ತುಂಡು ಕೆಟ್ಟು, ಉಳಿಯುವುದು ಹದಿನೈದು. ಅದೇ ತಟ್ಟೆಯಲ್ಲಿ ಎಂಬತ್ತು ಸಣ್ಣ ತುಂಡು ಮಾಡಿದರೆ ಕೆಡುವುದು ಆಗಲೂ ಐದೇ, ಎಪ್ಪತ್ತೈದು ಉಳಿಯುತ್ತವೆ. ಖರ್ಚು ಎರಡಕ್ಕೂ ಒಂದೇ. ಸಿಲಿಕಾನ್ ತಟ್ಟೆಯ ಕಥೆಯೂ ಹೀಗೆಯೇ. ಅದರ ಮೇಲಿನ ದೂಳಿನ ಕಣ, ಸಣ್ಣ ಕಲೆ ಇವೇ ಹರಳುಗಳು. ಬಿಲ್ಲೆ ಚಿಕ್ಕದಾದಷ್ಟೂ ಒಂದು ತಟ್ಟೆಯಿಂದ ಹೆಚ್ಚು ಬಿಲ್ಲೆ ಸಿಗುತ್ತವೆ, ಹಾಳಾಗುವ ಪಾಲು ಕಡಿಮೆಯಾಗುತ್ತದೆ.

ಆದ್ದರಿಂದ ತಂಡದವರು ಚಿಕ್ಕದು ಮಾಡಲು ಕುಳಿತರು. 6800ರಲ್ಲಿ ಲೆಕ್ಕ ಮಾಡುವ ಖಾನೆಗಳು ಎರಡಿದ್ದವು. ಇಲ್ಲಿ ಒಂದೇ ಸಾಕು ಎಂದರು. ಅಲ್ಲಿ ಹದಿನಾರು ಬಿಟ್ ಅಗಲದ ಒಂದು ಸೂಚಕ ಖಾನೆ ಇತ್ತು. ಇಲ್ಲಿ ಎಂಟು ಬಿಟ್‌ನ ಎರಡು ಪುಟ್ಟ ಖಾನೆಗಳನ್ನಿಟ್ಟರು. ಇಲ್ಲದೆಯೂ ನಡೆಯುವುದನ್ನೆಲ್ಲ ಒಂದೊಂದಾಗಿ ತೆಗೆದರು. ನಕ್ಷೆಯನ್ನು ಪಾರದರ್ಶಕ ಹಾಳೆಯ ಮೇಲೆ ಕೈಯಿಂದಲೇ ಬರೆದರು. ಕೊನೆಗೆ ಉಳಿದದ್ದು ಉದ್ದಗಲ ಸುಮಾರು 4 ಮಿಲಿಮೀಟರಿನ ಚೂರು. ಅದರಲ್ಲಿ ಸ್ವಿಚ್ಚಿನಂತೆ ಕೆಲಸ ಮಾಡುವ ಸುಮಾರು 3,500 ಟ್ರಾನ್ಸಿಸ್ಟರುಗಳು. ಮೊದಮೊದಲ ಬಿಲ್ಲೆಗಳಲ್ಲಿ ಅಂಕಿಗಳನ್ನು ಬಲಕ್ಕೆ ಹೊರಳಿಸುವ ಒಂದು ಆದೇಶವೂ ಇರಲಿಲ್ಲ. ಅದು ಸೇರಿದ್ದು 1976ರಲ್ಲಿ.

ಮೊಟೊರೊಲಾ ಸುಮ್ಮನೆ ಕೂರಲಿಲ್ಲ. 6502ರ ಜೊತೆಯಲ್ಲೇ ಬಂದಿದ್ದ 6501 ಎಂಬ 20 ಡಾಲರಿನ ಬಿಲ್ಲೆಯನ್ನು 6800ರ ಜಾಗದಲ್ಲಿ ನೇರವಾಗಿ ಕೂರಿಸಬಹುದಾಗಿತ್ತು. ಇದು ತನ್ನ ಸೊತ್ತಿನ ಕಳವು ಎಂದು ಮೊಟೊರೊಲಾ 1975ರ ನವೆಂಬರಿನಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. 1976ರಲ್ಲಿ ರಾಜಿಯಾಯಿತು. ಮಾಸ್ ಟೆಕ್ನಾಲಜಿ ಎರಡು ಲಕ್ಷ ಡಾಲರ್ ತೆತ್ತು 6501ನ್ನು ಹಿಂದಕ್ಕೆ ಪಡೆಯಿತು, 6502 ಉಳಿದುಕೊಂಡಿತು. ಆದರೆ ಅಷ್ಟರಲ್ಲಿ ಕಂಪನಿಯ ಕೈ ಬರಿದಾಗಿತ್ತು. ಅದೇ ವರ್ಷ ಕೊಮೊಡೋರ್ ಎಂಬ ಕ್ಯಾಲ್ಕುಲೇಟರ್ ಕಂಪನಿ ಅದನ್ನು ಕೊಂಡುಬಿಟ್ಟಿತು. ಬಿಲ್ಲೆ ಗೆದ್ದಿತು, ಅದನ್ನು ಮಾಡಿದ ಕಂಪನಿ ತನ್ನ ಸ್ವಾತಂತ್ರ್ಯ ಕಳೆದುಕೊಂಡಿತು.

ಹೀಗೆ 6502 ಕೊಂಡವರಲ್ಲಿ ಸ್ಟೀವ್ ವೋಜ್ನಿಯಾಕ್ ಎಂಬ ಇಪ್ಪತ್ತೈದರ ತರುಣನೂ ಒಬ್ಬ. ಮೈಕ್ರೊಪ್ರೊಸೆಸರ್ ಕೊಂಡು ಸ್ವಂತ ಗಣಕ ಕಟ್ಟಬೇಕೆಂಬ ಹಂಬಲ ಅವನಿಗಿತ್ತು, ದುಡ್ಡಿರಲಿಲ್ಲ. 25 ಡಾಲರ್ ಅವನ ಕೈಗೆಟಕುವ ಬೆಲೆ. ಆದೇಶಗಳನ್ನು ಯಂತ್ರದ ಸಂಖ್ಯೆಗಳಾಗಿ ಮಾರ್ಪಡಿಸಿಕೊಡುವ ಸಾಧನವೂ ಅವನಲ್ಲಿರಲಿಲ್ಲ. ಹಾಳೆಯ ಒಂದು ಬದಿಗೆ ಆದೇಶ, ಇನ್ನೊಂದು ಬದಿಗೆ ಅದರ ಸಂಖ್ಯೆ ಎಂದು ಕೈಯಿಂದಲೇ ಬರೆದು ಬೇಸಿಕ್ ಭಾಷೆಯನ್ನು ಅದಕ್ಕೆ ಕಲಿಸಿದ. 1976ರಲ್ಲಿ ಗೆಳೆಯ ಸ್ಟೀವ್ ಜಾಬ್ಸ್ ಜೊತೆ ಸೇರಿ ಅದನ್ನೇ ‘ಆಪಲ್ 1’ ಎಂದು ಮಾರಿದ. 1977ರಲ್ಲಿ ಬಂದ ‘ಆಪಲ್ 2’, ಅದೇ ವರ್ಷದ ‘ಕೊಮೊಡೋರ್ ಪೆಟ್’ ಎರಡರ ಒಳಗೂ ಇದ್ದುದು 6502. ‘ಪೆಟ್’ ಗಣಕವನ್ನು ರೂಪಿಸಿದವರು ಚಕ್ ಪೆಡಲ್ ಅವರೇ. 1977ರ ‘ಅಟಾರಿ 2600’ ಆಟದ ಯಂತ್ರ, 1982ರ ‘ಕೊಮೊಡೋರ್ 64’, 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಇವುಗಳಲ್ಲಿಯೂ ಇದರ ಅಣ್ಣತಮ್ಮಂದಿರೇ ಕುಳಿತಿದ್ದರು.

ಈಗ ಈ ಗುಮಾಸ್ತನ ಕಚೇರಿಯೊಳಗೊಮ್ಮೆ ಇಣುಕೋಣ. ವಿದ್ಯಾರ್ಥಿಗಳು ಪೆನ್ಸಿಲು ಹಾಳೆ ಹಿಡಿದು ಕುಳಿತರೆ ಇನ್ನೂ ಒಳ್ಳೆಯದು.

6502ಕ್ಕೆ ಎದುರಾಗಿ 65,536 ಗೂಡುಗಳಿರುವ ಸ್ಮೃತಿಕೋಶವಿದೆ. ಅಂಚೆ ಕಚೇರಿಯ ಗೂಡುಗಳ ಹಾಗೆ ಅವಕ್ಕೆ 0ಯಿಂದ 65,535ರವರೆಗೆ ಸಂಖ್ಯೆಗಳು. ಪ್ರತಿ ಗೂಡಿನಲ್ಲಿ ಇಡಬಹುದಾದದ್ದು ಒಂದೇ ಒಂದು ಸಂಖ್ಯೆ, ಅದೂ 0ಯಿಂದ 255ರ ಒಳಗಿನದು. ಗುಮಾಸ್ತನ ಮೇಜಿನ ಮೇಲೆ ಎ, ಎಕ್ಸ್, ವೈ ಎಂಬ ಮೂರು ಖಾನೆಗಳು. ಕೂಡುವ ಕಳೆಯುವ ಕೆಲಸ ಎ ಖಾನೆಯಲ್ಲಿ. ಎಣಿಸುವ ಕೆಲಸ ಉಳಿದೆರಡರಲ್ಲಿ. ಗಣಕ ಚಾಲೂ ಆದೊಡನೆ ಬಿಲ್ಲೆ ಮಾಡುವುದೇನು ಗೊತ್ತೆ? 65,532 ಮತ್ತು 65,533ನೆಯ ಗೂಡುಗಳನ್ನು ತೆರೆದು ನೋಡುತ್ತದೆ. ಕೆಲಸ ಎಲ್ಲಿಂದ ಆರಂಭಿಸಬೇಕು ಎಂಬ ವಿಳಾಸ ಅಲ್ಲಿರುತ್ತದೆ.

ಎರಡಕ್ಕೆ ಮೂರು ಕೂಡಿಸು ಎಂದು ಅದಕ್ಕೆ ಹೇಳುವುದು ಹೇಗೆ? ಎಂಟು ಸಂಖ್ಯೆ ಸಾಕು: 169, 2, 24, 105, 3, 141, 0, 2. ಇಲ್ಲಿ 169 ಎಂದರೆ ‘ಮುಂದಿರುವ ಸಂಖ್ಯೆಯನ್ನು ಎ ಖಾನೆಗೆ ತಾ’, ಮುಂದಿರುವುದು 2. 24 ಎಂದರೆ ‘ಹಳೆಯ ದಶಕವನ್ನು ಅಳಿಸು’. 105 ಎಂದರೆ ‘ಮುಂದಿರುವುದನ್ನು ಕೂಡು’, ಮುಂದಿರುವುದು 3. 141 ಎಂದರೆ ‘ಎ ಖಾನೆಯಲ್ಲಿರುವುದನ್ನು ಮುಂದೆ ಹೇಳಿದ ಗೂಡಿನಲ್ಲಿಡು’. ಗೂಡಿನ ಸಂಖ್ಯೆ 0 ಮತ್ತು 2 ಎಂದಿದೆ. ಇದರಲ್ಲಿ ಎರಡನೆಯದನ್ನು 256ರಿಂದ ಗುಣಿಸಿ ಮೊದಲನೆಯದನ್ನು ಕೂಡಿಸಬೇಕು. ಅಂದರೆ 512ನೆಯ ಗೂಡು. ಈಗ ಆ ಗೂಡಿನಲ್ಲಿ 5 ಕುಳಿತಿದೆ. ಬಿಲ್ಲೆಯ ಗಡಿಯಾರ ಸೆಕೆಂಡಿಗೆ ಹತ್ತು ಲಕ್ಷ ಸಲ ಬಡಿಯುತ್ತಿದ್ದರೆ ಈ ಇಡೀ ಕೆಲಸಕ್ಕೆ ಬೇಕಾದದ್ದು ಹತ್ತೇ ಬಡಿತ. ಒಂದು ಸೆಕೆಂಡಿನಲ್ಲಿ ಇಂಥ ಲೆಕ್ಕವನ್ನು ಲಕ್ಷ ಬಾರಿ ಮಾಡಬಹುದು.

‘ದಶಕ’ ಎಂದೊಡನೆ ಒಂದನೆಯ, ಎರಡನೆಯ ತರಗತಿಯ ಕೂಡುವ ಲೆಕ್ಕ ನೆನಪಾಗಬೇಕು. ಏಳಕ್ಕೆ ಐದು ಕೂಡಿಸಿದರೆ ಹನ್ನೆರಡು. ಎರಡು ಬರೆದು ಒಂದನ್ನು ಪಕ್ಕದ ಸ್ಥಾನಕ್ಕೆ ದಾಟಿಸುತ್ತೇವೆ. 6502 ಕೂಡ ಹಾಗೆಯೇ ಮಾಡುತ್ತದೆ. ಆದರೆ ಅದರ ಖಾನೆ ತುಂಬುವುದು ಹತ್ತಕ್ಕಲ್ಲ, 256ಕ್ಕೆ. 200ಕ್ಕೆ 100 ಕೂಡಿಸಿದರೆ 300 ಬರಬೇಕು. ಖಾನೆಯಲ್ಲಿ ಉಳಿಯುವುದು 44, ದಶಕ 1. ಆ ಒಂದನ್ನು ಪಕ್ಕದ ಗೂಡಿಗೆ ಸೇರಿಸುತ್ತ ಹೋದರೆ ಎಷ್ಟು ದೊಡ್ಡ ಸಂಖ್ಯೆಯನ್ನಾದರೂ ಕೂಡಬಹುದು. ಹೊಸ ಲೆಕ್ಕ ಹಿಡಿಯುವ ಮೊದಲು ಹಳೆಯ ದಶಕವನ್ನು ಅಳಿಸಲು ಮರೆತರೆ ಉತ್ತರ ಒಂದು ಹೆಚ್ಚಾಗಿ ಬಂದೀತು. ಶಾಲೆಯ ಮಕ್ಕಳು ಮಾಡುವ ತಪ್ಪೂ ಇದೇ ಅಲ್ಲವೆ?

ಇನ್ನೊಂದು ಪುಟ್ಟ ಪಾಠ: 162, 5, 202, 208, 253. ಮೊದಲೆರಡು ಸಂಖ್ಯೆಗಳು ‘ಎಕ್ಸ್ ಖಾನೆಯಲ್ಲಿ 5 ಇಡು’ ಎನ್ನುತ್ತವೆ. 202 ಎಂದರೆ ‘ಎಕ್ಸ್‌ನಲ್ಲಿ ಒಂದು ಕಳೆ’. 208 ಎಂದರೆ ‘ಉತ್ತರ ಸೊನ್ನೆಯಾಗಿಲ್ಲದಿದ್ದರೆ ಇಷ್ಟು ಹೆಜ್ಜೆ ಹೋಗು’. ಎಷ್ಟು ಹೆಜ್ಜೆ? 253. ಅದೇನು ಅಷ್ಟೊಂದು ಎಂದು ಗಾಬರಿಯಾಗಬೇಕಿಲ್ಲ. ಮೂರೇ ಅಂಕಿಯ ಮೀಟರನ್ನು 000ದಿಂದ ಒಂದು ಹಿಂದಕ್ಕೆ ತಿರುಗಿಸಿದರೆ 999 ಕಾಣುತ್ತದೆ. ಹಾಗೆಯೇ 0ಯಿಂದ 255ರವರೆಗಿನ ಮೀಟರನ್ನು ಮೂರು ಸಲ ಹಿಂದಕ್ಕೆ ತಿರುಗಿಸಿದರೆ 253. ಅಂದರೆ ಮೂರು ಹೆಜ್ಜೆ ಹಿಂದೆ ಹೋಗು ಎಂದರ್ಥ. 208, 253 ಎರಡನ್ನೂ ಓದಿ ಮುಗಿಸಿದ ಜಾಗದಿಂದ ಮೂರು ಗೂಡು ಹಿಂದೆ ಎಣಿಸಿ, ಅಲ್ಲಿರುವುದು 202. ಐದು, ನಾಲ್ಕು, ಮೂರು, ಎರಡು, ಒಂದು, ಸೊನ್ನೆ. ಬಿಲ್ಲೆ ಎಣಿಸಲು ಕಲಿಯಿತು. ಅಂತರಿಕ್ಷ ನೌಕೆಗಳನ್ನು ಹೊಡೆದುರುಳಿಸುವ ಆಟವಾದರೂ, ಅಂಗಡಿಯ ಲೆಕ್ಕವಾದರೂ ಒಳಗೆ ನಡೆಯುತ್ತಿದ್ದುದು ಇಂಥ ಪುಟ್ಟ ಹೆಜ್ಜೆಗಳೇ.

ಈ ಬಿಲ್ಲೆಗೂ ಭಾರತದ ಶಾಲೆಗಳಿಗೂ ನೇರ ಸಂಬಂಧವಿದೆ. ಬ್ರಿಟನ್ನಿನ ಬಿಬಿಸಿ ಸಂಸ್ಥೆ ಜನಸಾಮಾನ್ಯರಿಗೆ ಗಣಕ ಕಲಿಸಲು ಹೊರಟಾಗ ಕೇಂಬ್ರಿಜ್‌ನ ಆಕಾರ್ನ್ ಕಂಪನಿ 1981ರಲ್ಲಿ ‘ಬಿಬಿಸಿ ಮೈಕ್ರೊ’ ಎಂಬ ಗಣಕವನ್ನು ಕಟ್ಟಿಕೊಟ್ಟಿತು. ಅದರ ಹೃದಯ 6502. ಭಾರತ ಸರ್ಕಾರ 1984ರಲ್ಲಿ ‘ಕ್ಲಾಸ್’ ಎಂಬ ಯೋಜನೆಯಡಿ ಸುಮಾರು 250 ಶಾಲೆಗಳಲ್ಲಿ ಗಣಕ ಪರಿಚಯ ಆರಂಭಿಸಿದಾಗ ಆಯ್ದುಕೊಂಡದ್ದು ಇದೇ ಯಂತ್ರವನ್ನು. ಪಂಜಾಬಿನ ಮೊಹಾಲಿಯಲ್ಲಿದ್ದ ಸರ್ಕಾರಿ ಉದ್ಯಮ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಅದರ ಭಾರತೀಯ ರೂಪವನ್ನೂ ತಯಾರಿಸಿತು. ಯಂತ್ರ ಬಂದಷ್ಟು ಬೇಗ ಕಲಿಸುವ ಗುರುಗಳು ತಯಾರಾಗಲಿಲ್ಲ ಎಂಬುದು ಆ ಯೋಜನೆ ಬಿಟ್ಟುಹೋದ ಪಾಠ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್‌ಗಳಲ್ಲಿ ಓದಿದ ಅನೇಕ ತಂದೆತಾಯಿಯರು ಪ್ರಯೋಗಾಲಯದಲ್ಲಿ ಇಂಟೆಲ್‌ನ 8085 ಕಿಟ್ ಮುಂದೆ ಕುಳಿತು ಸಂಖ್ಯೆಗಳನ್ನು ಒಂದೊಂದಾಗಿ ಒತ್ತಿದವರೇ. ಬಿಲ್ಲೆ ಬೇರೆ, ಸಂಖ್ಯೆಗಳೂ ಬೇರೆ. ಕೆಲಸ ಮಾಡುವ ರೀತಿ ಒಂದೇ. ಮಕ್ಕಳು ಕೇಳಿದರೆ ಅವರು ಇಂದಿಗೂ ಅದನ್ನು ವಿವರಿಸಬಲ್ಲರು.

6502ರ ಇನ್ನೊಂದು ಕೊಡುಗೆ ಪರೋಕ್ಷವಾದದ್ದು. ಹೊಸ ಬಿಲ್ಲೆಯ ಹುಡುಕಾಟದಲ್ಲಿದ್ದ ಆಕಾರ್ನ್ ಕಂಪನಿಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ 1983ರಲ್ಲಿ ಅಮೆರಿಕದ ಅರಿಜೋನಾಕ್ಕೆ ಹೋದರು. ಬಿಲ್ ಮೆನ್ಷ್ ಅಲ್ಲಿ ತಮ್ಮದೇ ಕಂಪನಿ ಕಟ್ಟಿ 6502ರ ಮುಂದಿನ ಪೀಳಿಗೆಯನ್ನು ರೂಪಿಸುತ್ತಿದ್ದರು. ದೊಡ್ಡ ಕಟ್ಟಡ, ನೂರಾರು ಎಂಜಿನಿಯರುಗಳನ್ನು ನಿರೀಕ್ಷಿಸಿ ಹೋದವರಿಗೆ ಕಂಡದ್ದು ಒಂದು ಸಾಧಾರಣ ಮನೆ, ಒಳಗೆ ಕೆಲವೇ ಜನ. ಇಷ್ಟು ಮಂದಿ ಸೇರಿ ಬಿಲ್ಲೆ ಮಾಡಬಹುದಾದರೆ ನಾವೇಕೆ ಮಾಡಬಾರದು ಎಂದುಕೊಂಡು ಇಬ್ಬರೂ ಊರಿಗೆ ಮರಳಿದರು. 1985ರ ಏಪ್ರಿಲ್‌ನಲ್ಲಿ ಅವರ ಮೊದಲ ಬಿಲ್ಲೆ ಸಿದ್ಧವಾಯಿತು. ಅದರ ಹೆಸರು ಆರ್ಮ್. ಇಂದು ಜೇಬಿನಲ್ಲಿರುವ ಮೊಬೈಲ್ ಫೋನುಗಳಲ್ಲಿ ಹೆಚ್ಚೂಕಡಿಮೆ ಎಲ್ಲದರ ಒಳಗೂ ಇರುವುದು ಆ ವಂಶದ ಪ್ರೊಸೆಸರ್. 2021ರ ವೇಳೆಗೆ ಅಂಥ ಬಿಲ್ಲೆಗಳ ಸಂಖ್ಯೆ 20,000 ಕೋಟಿ ದಾಟಿತ್ತು. ಆರ್ಮ್ ಕಂಪನಿಯ ಎಂಜಿನಿಯರುಗಳು ಬೆಂಗಳೂರಿನಲ್ಲಿಯೂ ಕುಳಿತು ಬಿಲ್ಲೆಗಳ ವಿನ್ಯಾಸ ಮಾಡುತ್ತಿದ್ದಾರೆ.

ಐವತ್ತು ವರ್ಷ ಹಳೆಯ ಬಿಲ್ಲೆಯ ಪುರಾಣ ಇಂದಿನ ಮಕ್ಕಳಿಗೇಕೆ ಎಂದು ಪೋಷಕರು ಕೇಳುವುದು ಸಹಜ. ಪರೀಕ್ಷೆಯಲ್ಲಿ ಇದರ ಪ್ರಶ್ನೆ ಬರುವುದಿಲ್ಲ, ಇದರಿಂದ ಕೆಲಸವೂ ಸಿಗುವುದಿಲ್ಲ. ಆದರೆ ಒಂದು ಮಾತನ್ನು ಯೋಚಿಸಬೇಕು. 2020ರಲ್ಲಿ ಬಂದ ಆಪಲ್ ಕಂಪನಿಯ ಎಂ1 ಬಿಲ್ಲೆಯಲ್ಲಿ 1,600 ಕೋಟಿ ಟ್ರಾನ್ಸಿಸ್ಟರುಗಳಿವೆ. 6502ರಂಥ ನಲವತ್ತೈದು ಲಕ್ಷ ಬಿಲ್ಲೆಗಳಲ್ಲಿರುವಷ್ಟು! ಅದನ್ನು ಪೂರ್ತಿಯಾಗಿ ಬಲ್ಲೆ ಎನ್ನುವ ಒಬ್ಬ ಮನುಷ್ಯ, ಅದನ್ನು ಮಾಡಿದ ಕಂಪನಿಯಲ್ಲಿಯೂ ಇರಲಾರ. 6502 ಹಾಗಲ್ಲ. ಅದರ ಆದೇಶಗಳು 56 ಮಾತ್ರ. 2009ರಲ್ಲಿ ಕೆಲವು ಆಸಕ್ತರು ಒಂದು ಹಳೆಯ 6502ರ ಹೊದಿಕೆ ತೆಗೆದು, ಸೂಕ್ಷ್ಮದರ್ಶಕದಡಿ ಛಾಯಾಚಿತ್ರ ತೆಗೆದು, ಅದರ ಪ್ರತಿಯೊಂದು ಟ್ರಾನ್ಸಿಸ್ಟರನ್ನೂ ಗುರುತಿಸಿ ಗಣಕದ ಪರದೆಯ ಮೇಲೆ ಅದು ಮತ್ತೆ ಓಡುವಂತೆ ಮಾಡಿದರು. ಹೈಸ್ಕೂಲು ಮುಗಿಸಿದ ಶ್ರದ್ಧಾವಂತ ವಿದ್ಯಾರ್ಥಿ ಒಂದು ಬೇಸಿಗೆ ರಜೆಯಲ್ಲಿ ಅದರ ಬಹುಪಾಲನ್ನು ತಲೆಯಲ್ಲಿಟ್ಟುಕೊಳ್ಳಬಹುದು. ಗಣಕವೆಂದರೆ ಮಾಯಾಮಂತ್ರವಲ್ಲ, ತಿಳಿದು ಮುಗಿಸಬಹುದಾದ ವಸ್ತು ಎಂಬ ಧೈರ್ಯ ಒಮ್ಮೆ ಬಂದರೆ ಮುಂದೆ 1,600 ಕೋಟಿಯ ಬಿಲ್ಲೆಯೂ ಹೆದರಿಸುವುದಿಲ್ಲ.

ಆಟದ ಪರದೆಯ ಮುಂದೆ ಗಂಟೆಗಟ್ಟಲೆ ಕೂರುವ ಮಗುವನ್ನು ಬೈದು ಎಬ್ಬಿಸುವುದು ಸುಲಭ. ‘ಆ ಬೊಂಬೆ ಹಾರಬೇಕಾದರೆ ಒಳಗೆ ಏನು ನಡೆಯಿತು ಹೇಳು ನೋಡೋಣ’ ಎಂದು ಪಕ್ಕದಲ್ಲಿ ಕುಳಿತು ಕೇಳುವುದು ಕಷ್ಟ. ಉತ್ತರ ಇಬ್ಬರಿಗೂ ಗೊತ್ತಿಲ್ಲದಿರಬಹುದು. ಆಗ ಇಬ್ಬರೂ ಹುಡುಕಬಹುದು.

ಚಕ್ ಪೆಡಲ್ 2019ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಬಿಲ್ ಮೆನ್ಷ್ ಅವರ ಕಂಪನಿ 6502ರ ಸುಧಾರಿತ ರೂಪವನ್ನು ಈಗಲೂ ಮಾರುತ್ತದೆ. ಅದನ್ನು ಕೊಳ್ಳಲೇಬೇಕೆಂದೇನೂ ಇಲ್ಲ. ಹಳೆಯ ನೋಟ್‌ಪುಸ್ತಕದ ಹಾಳೆಯೊಂದರಲ್ಲಿ ಎ, ಎಕ್ಸ್, ವೈ ಎಂದು ಮೂರು ಚೌಕ ಬರೆದು, ಕೆಳಗೆ ಒಂದಷ್ಟು ಗೂಡು ಎಳೆದು, ಮೇಲಿನ ಎಂಟು ಸಂಖ್ಯೆಗಳನ್ನು ತುಂಬಿ ಪೆನ್ಸಿಲಿನಿಂದ ನಡೆಸಿ ನೋಡಿ. ಅದು ಸರಿಬಂದ ಮೇಲೆ ಒಂದು ಮನೆಲೆಕ್ಕ: 5ರಿಂದ 1ರವರೆಗಿನ ಸಂಖ್ಯೆಗಳನ್ನು ಕೂಡಿಸಿ 512ನೆಯ ಗೂಡಿನಲ್ಲಿ ಇಡುವುದು ಹೇಗೆ? ಮೇಲಿನ ಎರಡು ಪಾಠಗಳನ್ನು ಜೋಡಿಸಬೇಕು; ಒಂದೆರಡು ಹೊಸ ಆದೇಶಗಳನ್ನೂ ಹುಡುಕಬೇಕಾದೀತು. ಗೂಡಿನಲ್ಲಿ 15 ಬಂದರೆ ಸರಿ. 16 ಬಂದರೆ ಎಲ್ಲೋ ಹಳೆಯ ದಶಕ ಅಳಿಸಲು ಮರೆತಿರಬೇಕು.